ಏಳು ಬಾವಿಗಳ ಮೇಷ್ಟ್ರು

ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸದಾ ಕಪ್ಪಗಿರುತ್ತಿದ್ದವು. ಕೊಳೆಯಲ್ಲ, ಸಿಲ್ವರ್ ನೈಟ್ರೇಟಿನ ಕಲೆ. ಚರ್ಮಕ್ಕೆ ತಾಗಿದಾಗ ಬರೀ ನೀರಿನಂತೆ ಕಾಣುವ ಆ ದ್ರಾವಣ ಬೆಳಕು ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಕಪ್ಪಾಗುತ್ತದೆ. ಸೋಪು, ನಿಂಬೆಹಣ್ಣು, ಸೀಗೆಪುಡಿ ಯಾವುದಕ್ಕೂ ಅದು ಜಗ್ಗುವುದಿಲ್ಲ. ಆ ಚರ್ಮ ಸವೆದು ಹೊಸದು ಬರುವ ತನಕ ಕಾಯಬೇಕು. ಅವರ ಬೆರಳಿಗೆ ಹೊಸ ಚರ್ಮ ಬರುವಷ್ಟರಲ್ಲಿ ಹೊಸ ಕಲೆಯೂ ಬಂದಿರುತ್ತಿತ್ತು. ಮದುವೆ ಮನೆಗಳಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಆ ಬೆರಳುಗಳನ್ನೇ ನೋಡುವುದನ್ನು ನಾನು ಕಂಡಿದ್ದೇನೆ. ಅವರು ಲಕ್ಷ್ಯವಿಡದೆ ಅನ್ನ ಕಲಸುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಟಿ. ನರಸೀಪುರದ ಹೈಸ್ಕೂಲಿನಲ್ಲಿ. ನಾನು ಸೋಸಲೆಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಅವರು ನಮಗೆ ವಿಜ್ಞಾನದ ಮೇಷ್ಟ್ರು. ನಮ್ಮ ತರಗತಿಯಲ್ಲಿ ನಲವತ್ತೆರಡು ಮಂದಿ. ಅವರು ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಮುಚ್ಚಿಟ್ಟು, ಕಿಟಕಿಯ ಕಡೆ ನೋಡುತ್ತ, ನಲವತ್ತೆರಡು ಹೆಸರುಗಳನ್ನೂ ಇನಿಷಿಯಲ್ ಸಮೇತ ಸರಾಗವಾಗಿ ಕರೆದು ಮುಗಿಸುತ್ತಿದ್ದರು. ಯಾರು ಯಾವ ದಿನ ಗೈರುಹಾಜರಾಗಿದ್ದರು, ಯಾಕೆ, ಕಳೆದ ಪರೀಕ್ಷೆಯಲ್ಲಿ ಯಾರಿಗೆ ಎಷ್ಟು ಬಂದಿತ್ತು, ಎಲ್ಲವೂ ಅವರಿಗೆ ಬಾಯಲ್ಲೇ ಇತ್ತು. ಒಮ್ಮೆ ಒಬ್ಬ ಹುಡುಗಿಯ ನೋಟ್‌ಬುಕ್ ಕಳೆದುಹೋಗಿ ಅವಳು ಅಳುತ್ತ ನಿಂತಾಗ ಅವರು ಹೇಳಿದ ಮಾತು ನಮಗೆಲ್ಲ ಮನಸ್ಸಿನಲ್ಲಿ ಕೂತಿತು: "ಬರೆದಿಟ್ಟದ್ದನ್ನ ಯಾರು ಬೇಕಾದ್ರೂ ಕಿತ್ಕೋಬಹುದಮ್ಮಾ. ತಲೇಲಿ ಇಟ್ಕೊಂಡದ್ದನ್ನ ಯಾರು ಕಿತ್ಕೋತಾರೆ?"

ನಾನು ಹೈಸ್ಕೂಲು ಮುಗಿಸಿದ ಎರಡು ಮೂರು ವರ್ಷಕ್ಕೆ ಅವರು ಶಾಲೆ ಬಿಟ್ಟು ನಂಜನಗೂಡಿನ ಹತ್ತಿರ ಹೊಸದಾಗಿ ಶುರುವಾದ ಒಂದು ಬಣ್ಣದ ಪುಡಿಯ ಕಾರ್ಖಾನೆಯಲ್ಲಿ ಪ್ರಯೋಗಾಲಯದ ಮುಖ್ಯಸ್ಥರಾಗಿ ಸೇರಿದರು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ನಾಲ್ಕೈದು ವರ್ಷ ಕೆಲಸವಿಲ್ಲದೆ ಕೂತಿದ್ದಾಗ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಅವರು ನನ್ನ ಹೆಸರು, ನನ್ನ ಅಪ್ಪನ ಹೆಸರು, ಹತ್ತನೇ ತರಗತಿಯಲ್ಲಿ ನನಗೆ ವಿಜ್ಞಾನದಲ್ಲಿ ಬಂದ ಅಂಕ ಎಲ್ಲವನ್ನೂ ಹೇಳಿ, "ನಾಳೆ ಬಂದು ಅರ್ಜಿ ಕೊಡು" ಎಂದರು. ಹಾಗೆ ನಾನು ಅವರ ಸಹಾಯಕಿಯಾದೆ. ಆ ಪ್ರಯೋಗಾಲಯದಲ್ಲಿ ನಾನೊಬ್ಬಳೇ ಹೆಂಗಸು. ನಮ್ಮ ಮನೆಯಲ್ಲಿ ತಿಂಗಳ ಸಂಬಳ ತರುವವಳೂ ನಾನೊಬ್ಬಳೇ. ಈ ಎರಡನೆಯ ಮಾತನ್ನು ಮುಂದೆ ಬರುವ ನನ್ನ ಹೇಡಿತನಕ್ಕೆ ಸಮಜಾಯಿಷಿಯಾಗಿ ಹೇಳುತ್ತಿಲ್ಲ. ಅದು ಹಾಗಿತ್ತು, ಅಷ್ಟೆ.

ಕಾರ್ಖಾನೆಯಲ್ಲಿಯೂ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ನರಸೀಪುರದಿಂದ ಹೊರಡುವ ಬೆಳಗಿನ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಅವರದ್ದು. ನಾನು ಹೆಂಗಸರ ಸೀಟಿನಲ್ಲಿ. ನಂಜನಗೂಡು ಬರುವ ತನಕ ಅವರು ಕಣ್ಣು ಮುಚ್ಚಿ ತುಟಿ ಅಲುಗಿಸುತ್ತ ಕೂತಿರುತ್ತಿದ್ದರು. ಜಪ ಮಾಡುತ್ತಾರೆ ಎಂದು ಕಂಡಕ್ಟರ್ ಚಿಲ್ಲರೆ ಕೊಡುವಾಗಲೂ ಮಾತಾಡಿಸುತ್ತಿರಲಿಲ್ಲ.

ನಾನು ಸೇರಿದ ಮರುವರ್ಷ, ಸಂಕ್ರಾಂತಿ ಕಳೆದು ಒಂದು ತಿಂಗಳಾಗಿರಬೇಕು, ಕಾರ್ಖಾನೆಯ ಗೇಟಿನಲ್ಲಿ ಒಬ್ಬ ಮುದುಕಿ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು. ಕಾರ್ಖಾನೆಯ ಹಿಂದಿನ ಇಳಿಜಾರಿನಲ್ಲಿ ಮೂವತ್ತು ಮನೆಗಳ ಒಂದು ಹಟ್ಟಿ ಇತ್ತು. ಅಲ್ಲಿಯವಳು. ವಾಚ್‌ಮನ್ ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಬಸ್ಸಿಳಿದು ಬಂದ ನಮ್ಮನ್ನು ನೋಡಿ ಅವಳು ಮೇಷ್ಟ್ರಿಗೆ ಅಡ್ಡ ಬಂದಳು.

"ಸಾ, ನೀರು ನೋಡೋರು ನೀವೇ ಅಂತಲ್ಲ. ಇದ್ನೊಸಿ ನೋಡಿ ಸಾ. ನಮ್ಮ ಅಳೆಬಾವಿ ನೀರು. ದನ ಮೂಸ್ಬುಟ್ಟು ಮೊಕ ತಿರುಗುಸ್ಕಂಡು ಓಯ್ತವೆ."

"ಯಾವಾಗಿಂದ ಅಜ್ಜಿ?"

"ಅಬ್ಬದಿಂದೀಚೆಗೆ ಸಾ. ಅನ್ನ ಮಾಡುದ್ರೆ ಅರಿಸಿನ ಆಕ್ದಂಗಾಯ್ತದೆ."

"ಮತ್ತೆ ನೀವು ಕುಡಿಯೋಕೆ ಏನು ಮಾಡ್ತೀರಿ?"

"ಇದ್ನೇ ಕುಡಿತೀವಿ ಸಾ. ಇನ್ನೇನ್ ಕುಡಿಯವು?"

ಮೇಷ್ಟ್ರು ಬಿಂದಿಗೆಯನ್ನು ತಾವೇ ತೆಗೆದುಕೊಂಡು ಒಳಗೆ ಬಂದರು. ಗಾಜಿನ ಬೀಕರಿಗೆ ಸುರಿದು ಬಿಳಿ ಕಾಗದದ ಎದುರು ಹಿಡಿದಾಗ ಅದರ ಹಳದಿ ನನಗೂ ಕಂಡಿತು. ನಮ್ಮ ಕಾರ್ಖಾನೆಯ ಹಿಂಗೋಡೆಯ ಬಳಿಯ ಹೊಂಡದಲ್ಲಿ ನಿಲ್ಲುತ್ತಿದ್ದ ನೀರಿನ ಬಣ್ಣವೂ ಅದೇ. ಅವರು ಪರೀಕ್ಷೆ ಮಾಡಿ ಅಂಕಿಯನ್ನು ಬರೆದುಕೊಂಡರು. ನನಗೆ ಹೇಳಲಿಲ್ಲ. ಸಂಜೆ ಬಸ್ಸಿನಲ್ಲಿ ಮಾತ್ರ, "ಕ್ರೋಮಿಯಂ ಇದೆ ಕಣಮ್ಮಾ. ಕುಡಿಯೋ ನೀರಲ್ಲಿ ಇರಬಾರದಷ್ಟು ಇದೆ" ಎಂದರು.

ಅಂದಿನಿಂದ ಪ್ರತಿ ತಿಂಗಳ ಮೊದಲ ಸೋಮವಾರ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಊಟ ಬಿಟ್ಟು, ಸುತ್ತಲಿನ ಏಳು ಬಾವಿಗಳಿಂದ ನೀರು ತರುವುದು ನಮ್ಮ ಕೆಲಸವಾಯಿತು. ಯಾರೂ ವಹಿಸಿದ ಕೆಲಸವಲ್ಲ. ಬಾಟಲಿಯನ್ನು ಅದೇ ಬಾವಿಯ ನೀರಿನಲ್ಲಿ ಮೂರು ಸಲ ತೊಳೆಯಬೇಕು, ನಾಲ್ಕನೆಯ ಸಲ ತುಂಬಿದ್ದೇ ನಿಜವಾದ ನೀರು ಎಂದು ನನಗೆ ಕಲಿಸಿದರು. ಅಂಕಿಗಳನ್ನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು. ಅಂಕಿ ಇಳಿಯಲಿಲ್ಲ. ಮಳೆಗಾಲದಲ್ಲಿ ಸ್ವಲ್ಪ ತಗ್ಗಿ, ಬೇಸಿಗೆಗೆ ಮೊದಲಿಗಿಂತ ಮೇಲೇರುತ್ತಿತ್ತು. ಮುದುಕಿಯ ಬಾವಿ ಮೊದಲು ಕೆಟ್ಟಿತು, ಆಮೇಲೆ ಅದರ ಕೆಳಗಿನದು, ಆಮೇಲೆ ಇನ್ನೂ ಕೆಳಗಿನದು. ನೀರಿನ ದಾರಿಯಲ್ಲಿ ಒಂದೊಂದಾಗಿ. ಮೇಷ್ಟ್ರು ಮ್ಯಾನೇಜರಿಗೆ ಮೂರು ಸಲ ಬರೆದುಕೊಟ್ಟರು. ಹೊಂಡಕ್ಕೆ ತಳ ಕಟ್ಟಿಸಿ ಎಂದು ಕೇಳಿದರು. ಹೆಡ್ ಆಫೀಸಿಗೆ ಕಳಿಸಿದ್ದೇನೆ ಎಂಬ ಉತ್ತರ ಬಿಟ್ಟರೆ ಬೇರೇನೂ ಬರಲಿಲ್ಲ. ಮೇಷ್ಟ್ರು ಹಟ್ಟಿಗೆ ಹೋಗಿ ಆ ನೀರು ಕುಡಿಯಬೇಡಿ ಎಂದು ಹೇಳಿಯೂ ಬಂದರು. ಕುಡಿಯುವುದಕ್ಕೆ ಬೇರೆ ನೀರು ಮುಕ್ಕಾಲು ಮೈಲಿ ಆಚೆ ಇತ್ತು. ಕೈಲಾದವರು ಹೋಗಿ ತಂದರು. ಮುದುಕಿಗೆ ಆಗಲಿಲ್ಲ.

ಅಷ್ಟರಲ್ಲಿ ನಮ್ಮ ಪ್ರಯೋಗಾಲಯಕ್ಕೆ ಕಂಪ್ಯೂಟರು ಬಂತು. ಸುತ್ತಮುತ್ತ ಯಾರೂ ಅದನ್ನು ಕಂಡಿರಲಿಲ್ಲ. ಅದಕ್ಕೆಂದೇ ಒಂದು ಕೋಣೆಗೆ ಏರ್‌ಕಂಡೀಶನ್ ಹಾಕಿಸಿ, ಹೊರಗೆ ಚಪ್ಪಲಿ ಬಿಟ್ಟು ಹೋಗಬೇಕೆಂದು ಬೋರ್ಡು ಬರೆಸಿದರು. ಮೊದಲ ದಿನ ಪೂಜೆ ಮಾಡಿ ಪರದೆಗೆ ಕುಂಕುಮ ಇಟ್ಟಿದ್ದರು. ಬೆಂಗಳೂರಿನಿಂದ ಬಂದ ಎಂಜಿನಿಯರ್ ಮೂರು ದಿನ ಹೇಳಿಕೊಟ್ಟು ಹೋದ. ಐವತ್ತು ದಾಟಿದ್ದ ಮೇಷ್ಟ್ರು ನನಗಿಂತ ಬೇಗ ಕಲಿತರು. ಎರಡೇ ಬೆರಳಲ್ಲಿ, ಆ ಎರಡು ಕಪ್ಪು ಬೆರಳಲ್ಲೇ ಒತ್ತುತ್ತಿದ್ದರು. ಎಲ್ಲವನ್ನೂ ಇಂಗ್ಲಿಷಿನ ದೊಡ್ಡಕ್ಷರದಲ್ಲೇ.

ಒಂದು ಬುಧವಾರ ಮ್ಯಾನೇಜರ್ ಸ್ವತಃ ಪ್ರಯೋಗಾಲಯಕ್ಕೆ ಬಂದು, ಬಾವಿಗಳ ನೋಟ್‌ಬುಕ್ಕನ್ನು ನೋಡಬೇಕಾಗಿದೆ ಎಂದು ತೆಗೆದುಕೊಂಡು ಹೋದರು. ವಾರವಾಯಿತು, ಹಿಂದಕ್ಕೆ ಬರಲಿಲ್ಲ. ಮೇಷ್ಟ್ರು ಕೇಳಿದಾಗ, "ಯಾವ ನೋಟ್‌ಬುಕ್?" ಎಂದರಂತೆ. ಇನ್ನು ಮೇಲೆ ಕಾರ್ಖಾನೆಯ ಗಾಜಿನ ಪಾತ್ರೆ, ರಾಸಾಯನಿಕ ಯಾವುದನ್ನೂ ಹೊರಗಿನ ನೀರಿಗೆ ಬಳಸಕೂಡದು ಎಂದು ಟೈಪ್ ಮಾಡಿದ ಆದೇಶವೂ ಬಂತು. ಗೇಟಿನಲ್ಲಿ ನಮ್ಮ ಚೀಲ ತೆಗೆಸಿ ಬಾಟಲಿ ಇದೆಯೇ ಎಂದು ನೋಡತೊಡಗಿದರು.

ಮೇಷ್ಟ್ರು ಮರುದಿನದಿಂದ ಮಧ್ಯಾಹ್ನದ ಹೊತ್ತಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಮೂರು ವರ್ಷದ ಏಳು ಬಾವಿಗಳ ಅಂಕಿಗಳನ್ನು ನೆನಪಿನಿಂದ ಒತ್ತುತ್ತ ಹೋದರು. ತಿಂಗಳ ಮೇಲೆ ತಿಂಗಳು, ಬಾವಿಯ ಮೇಲೆ ಬಾವಿ. ಕಡೆಯ ಎರಡು ತಿಂಗಳ ಅಂಕಿಗಳ ಚೀಟಿ ಹೇಗೋ ನನ್ನ ಡ್ರಾಯರಿನಲ್ಲಿ ಉಳಿದಿತ್ತು. ತಾಳೆ ನೋಡಿದೆ. ದಶಮಾಂಶದ ನಂತರದ ಎರಡನೆಯ ಅಂಕಿಯೂ ಸರಿಯಾಗಿತ್ತು. ಹದಿನೈದು ದಿನಕ್ಕೆ ಮುಗಿಯಿತು. ಅವರು ಇಷ್ಟು ಅವಸರ ಮಾಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಊಟದ ಡಬ್ಬಿ ತೆರೆಯುತ್ತಲೇ ಇರಲಿಲ್ಲ.

ಮುಗಿದ ದಿನ ಆ ಫೈಲಿಗೆ ಒಂದು ಪಾಸ್‌ವರ್ಡ್ ಹಾಕಿದರು. ಏನೆಂದು ಕೇಳಿದೆ.

"ಬೇಡಮ್ಮಾ. ನಿನಗೆ ಗೊತ್ತಿದೆ ಅಂದ್ರೆ ನಿನ್ನ ಕೇಳ್ತಾರೆ. ಗೊತ್ತಿಲ್ಲ ಅಂದ್ರೆ ನೀನು ಸುಳ್ಳು ಹೇಳೋ ಹಾಗಿಲ್ಲ. ನನ್ನ ತಲೇಲಿ ಇರಲಿ. ಮುಂದಿನ ತಿಂಗಳು ಮೈಸೂರಿಂದ ತಪಾಸಣೆಗೆ ಸರ್ಕಾರದ ಅಧಿಕಾರಿ ಬರ್ತಾರಂತೆ. ಅವರ ಕೈಗೇ ಕೊಡ್ತೀನಿ."

ಅಧಿಕಾರಿ ಬರುವುದಕ್ಕೆ ನಾಲ್ಕು ದಿನವಿತ್ತು. ಅದೊಂದು ಸೋಮವಾರ. ಅಂಕಿಗಳನ್ನು ಪ್ರಿಂಟ್ ತೆಗೆಯುತ್ತೇನೆ ಎಂದು ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಹೋದರು. ನಾನು ಬ್ಯೂರೆಟ್ಟುಗಳನ್ನು ತೊಳೆಯುತ್ತಿದ್ದೆ. ಎಷ್ಟು ಹೊತ್ತಾದರೂ ಪ್ರಿಂಟರಿನ ಸದ್ದು ಬರಲಿಲ್ಲ. ಬಾಗಿಲು ತೆರೆದು ನೋಡಿದರೆ ಅವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಪ್ಪು ಪರದೆಯ ಮೇಲೆ ಹಸಿರು ಗೆರೆಯೊಂದು ಮಿಟುಕುತ್ತಿತ್ತು.

"ಇದು ಏನು ಕೇಳ್ತಾ ಇದೆಯಮ್ಮಾ?" ಎಂದರು.

"ಪಾಸ್‌ವರ್ಡ್ ಸಾರ್. ನೀವು ಹಾಕಿದ್ರಲ್ಲ."

"ನಾನಾ?"

ನಾನು ನಕ್ಕುಬಿಟ್ಟೆ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರು ನನ್ನ ಕಡೆ ತಿರುಗಿದಾಗ ಹಣೆಯ ಮೇಲೆ ಬೆವರಿತ್ತು. ಏರ್‌ಕಂಡೀಶನ್ನಿನ ಆ ಕೋಣೆಯಲ್ಲಿ ನಾನು ಶಾಲು ಹೊದ್ದು ಕೆಲಸ ಮಾಡುತ್ತಿದ್ದೆ. ಅವರು ಬೆವರುತ್ತಿದ್ದರು.

ಅಂದು ಸಂಜೆಯ ತನಕ ಕೂತೆವು. ಅವರ ಹೆಂಡತಿಯ ಹೆಸರು, ಮನೆದೇವರ ಹೆಸರು, ಧಾತುಗಳ ಹೆಸರು, ನಂಜನಗೂಡು, ಕಪಿಲಾ, ಕಾವೇರಿ. ಅವರು ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಪ್ರತಿ ಸಲವೂ ತಪ್ಪು ಎಂದು ಒಂದು ಸಣ್ಣ ಪೀಂಕಾರ. ಬಸ್ಸಿನಲ್ಲಿ ಅವರು ಕಣ್ಣು ಮುಚ್ಚಲಿಲ್ಲ. ಕಿಟಕಿಯಾಚೆ ಹೋಗುತ್ತಿದ್ದ ಊರುಗಳನ್ನು ಹೊಸದಾಗಿ ನೋಡುವವರಂತೆ ನೋಡುತ್ತಿದ್ದರು.

ಅಧಿಕಾರಿ ಬಂದರು, ಮ್ಯಾನೇಜರ್ ಜೊತೆ ಊಟ ಮಾಡಿದರು, ಕಾರ್ಖಾನೆಯ ಮುಂಭಾಗದ, ತಳ ಕಟ್ಟಿದ ಇನ್ನೊಂದು ಹೊಂಡವನ್ನಷ್ಟೇ ನೋಡಿ ಹೋದರು. ಸಹಿಯಿಲ್ಲದ ಆ ಎರಡು ತಿಂಗಳ ಚೀಟಿ ಬಿಟ್ಟರೆ ಕೊಡುವುದಕ್ಕೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಬೆಂಗಳೂರಿನ ಎಂಜಿನಿಯರ್ ಬೇರೆ ಕೆಲಸಕ್ಕೆ ಬಂದಿದ್ದಾಗ ನಾನು ಮೆಲ್ಲಗೆ ಕೇಳಿದೆ.

"ಕಂಪ್ಯೂಟರಿಗೇ ಹಾಕಿದ್ದರೆ ಏನಾದರೂ ಮಾಡಬಹುದಿತ್ತು ಮೇಡಂ," ಎಂದ. "ಇದು ಫೈಲಿಗೆ ಹಾಕಿರೋದು. ಒಳಗಿರೋದೆಲ್ಲ ಆ ಪದದಿಂದಲೇ ಕಲಸಿಹೋಗಿರತ್ತೆ. ಹಾಕಿದವರಿಗೇ ನೆನಪಾಗಬೇಕು. ಇಲ್ಲಾಂದ್ರೆ ಅಳಿಸಿಬಿಡಿ."

ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದರು. "ಹೌದು, ಬೇಡದ್ದನ್ನೆಲ್ಲ ಅಳಿಸಿ ಜಾಗ ಮಾಡಿ," ಎಂದರು. ಅವರು ಇನ್ನೊಂದು ಕೋಣೆಗೆ ಹೋದ ಐದು ನಿಮಿಷದಲ್ಲಿ ನಾನು ಆ ಫೈಲನ್ನು ಒಂದು ಫ್ಲಾಪಿಗೆ ನಕಲು ಮಾಡಿ, ಸೀರೆಯ ನೆರಿಗೆಯೊಳಗೆ ಸಿಕ್ಕಿಸಿಕೊಂಡೆ. ಗೇಟಿನಲ್ಲಿ ಬಾಟಲಿಯನ್ನಷ್ಟೇ ಹುಡುಕುತ್ತಿದ್ದರು. ಹೀಗೆ ಅಂಕಿಗಳು ನನ್ನ ಹತ್ತಿರ ಉಳಿದವು. ಅವನ್ನು ಬಿಚ್ಚುವ ಪದ ಮಾತ್ರ ಅವರ ತಲೆಯಲ್ಲಿತ್ತು, ಆ ತಲೆ ದಿನದಿನಕ್ಕೂ ಬರಿದಾಗುತ್ತಿತ್ತು.

ಅದಾದ ತಿಂಗಳೊಳಗೆ ಒಂದು ಬೆಳಿಗ್ಗೆ ಮೇಷ್ಟ್ರು ಬಸ್ಸಿಗೆ ಬರಲಿಲ್ಲ. ಸಂಜೆ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. ಮೇಷ್ಟ್ರು ಎಂದಿನಂತೆ ಸ್ನಾನ ಮಾಡಿ, ತಿಂಡಿ ತಿಂದು, ಡಬ್ಬಿ ಹಿಡಿದು ಹೊರಟು, ಬಸ್‌ಸ್ಟ್ಯಾಂಡಿಗೆ ಹೋಗದೆ ಹನ್ನೆರಡು ವರ್ಷದ ಹಿಂದೆ ಬಿಟ್ಟ ಹೈಸ್ಕೂಲಿಗೆ ಹೋಗಿದ್ದರು. ಹತ್ತನೇ ತರಗತಿಗೆ ನಡೆದು, ಪಾಠ ಮಾಡುತ್ತಿದ್ದವರನ್ನು ಗಮನಿಸದೆ, ಕಿಟಕಿಯ ಕಡೆ ನೋಡುತ್ತ ನಮ್ಮ ತರಗತಿಯ ಹಾಜರಿ ಕರೆದರಂತೆ. ಯಾರೂ ಓಗೊಡಲಿಲ್ಲ. ಮಕ್ಕಳು ನಗಲೂ ಇಲ್ಲ, ಹೆದರಿ ಕೂತಿದ್ದವು. ಹೆಡ್‌ಮಾಸ್ಟರು ಪ್ಯೂನನ್ನು ಜೊತೆ ಮಾಡಿ ಮನೆಗೆ ಕಳಿಸಿದರು.

ಕಾರ್ಖಾನೆಯವರು ಅನಾರೋಗ್ಯದ ಕಾರಣ ಎಂದು ಅವರನ್ನು ಬಿಡುಗಡೆ ಮಾಡಿದರು. ಮೈಸೂರಿನ ಡಾಕ್ಟರು ವಯಸ್ಸಿಗೆ ಮುಂಚೆ ಬಂದ ಮರೆವು, ಇದಕ್ಕೆ ಔಷಧಿಯಿಲ್ಲ ಎಂದರು.

ನಾನು ಭಾನುವಾರಗಳಲ್ಲಿ ಅವರ ಮನೆಗೆ ಹೋಗತೊಡಗಿದೆ. ಅವರು ಹೇಳಿದ ಪದಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು, ಸೋಮವಾರ ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿಗೆ ಹೋದಾಗ ಫ್ಲಾಪಿ ಹಾಕಿ ಒಂದೊಂದಾಗಿ ಒತ್ತುತ್ತಿದ್ದೆ. ಮೊದಲ ಭಾನುವಾರ ಅವರು ನಾಚಿಕೆಯಿಂದ, "ಕ್ಷಮಿಸಮ್ಮಾ, ನಾಲಿಗೆ ತುದೀಲಿದೆ" ಎಂದರು. ನಾಲ್ಕನೆಯ ಭಾನುವಾರ ನನ್ನನ್ನು ಯಾವ ಸೆಕ್ಷನ್ ಎಂದು ಕೇಳಿದರು. ಆಮೇಲೆ ಕೇಳುವುದನ್ನೂ ಬಿಟ್ಟರು. ಬಾವಿ ಎಂದ ಕೂಡಲೇ ಮಾತ್ರ ಕಣ್ಣು ಚುರುಕಾಗುತ್ತಿತ್ತು. ಒಮ್ಮೆ "ಹಳೆಬಾವಿ" ಎಂದು ಸ್ಪಷ್ಟವಾಗಿಯೇ ಹೇಳಿದರು. ಕೂಡಲೇ ಬರೆದುಕೊಂಡೆ. ಸೋಮವಾರ ಅದನ್ನು ಇಂಗ್ಲಿಷಿನಲ್ಲಿ ಹೇಗೆಲ್ಲ ಬರೆಯಬಹುದೋ ಹಾಗೆಲ್ಲ ಬರೆದು ನೋಡಿದೆ. ಎಲ್ಲಕ್ಕೂ ಅದೇ ಪೀಂಕಾರ.

ಆ ಬೇಸಿಗೆಯಲ್ಲಿ ಹಟ್ಟಿಯಲ್ಲಿ ಗಬ್ಬದ ಎರಡು ಎಮ್ಮೆ ದಿನ ತುಂಬುವ ಮುಂಚೆಯೇ ಕಂದು ಹಾಕಿದವು. ಮುದುಕಿ ಹೊಟ್ಟೆನೋವೆಂದು ಮಲಗಿದ್ದಾಳೆ ಎಂದು ವಾಚ್‌ಮನ್ ಹೇಳಿದ. ನಾನು ಬೇಕಿದ್ದರೆ ಮನೆಯಿಂದಲೇ ಬಾಟಲಿ ತಂದು, ಆ ನೀರನ್ನು ಮೈಸೂರಿಗೆ ಒಯ್ದು ಪರೀಕ್ಷೆ ಮಾಡಿಸಿ ಎಂದು ಕೊಡಬಹುದಿತ್ತು. ಹೆದರಿದೆ. ಮೇಷ್ಟ್ರ ಅಂಕಿಗಳು ಸಿಕ್ಕಲಿ, ಅವರ ಹೆಸರಿನಲ್ಲಿ ಹೋಗಲಿ, ನನ್ನ ಹೆಸರು ಬರುವುದು ಬೇಡ ಎಂದು ಕಾದೆ. ಒಂದು ಶುಕ್ರವಾರ ಇಳಿಜಾರಿನಲ್ಲಿ ತಮಟೆ ಕೇಳಿಸಿತು. ಮುದುಕಿ ಹೋಗಿದ್ದಳು. ನೀರಿನಿಂದಲೇ ಹೋದಳು ಎಂದು ಯಾರೂ ಬರೆದುಕೊಡಲಿಲ್ಲ, ಅಲ್ಲ ಎಂದೂ ಯಾರೂ ಹೇಳಲಿಲ್ಲ.

ಆ ಭಾನುವಾರ ನಾನು ಮೇಷ್ಟ್ರಿಗೆ ಸಾವಿನ ವಿಷಯ ಹೇಳಿದೆ. ಅರ್ಥವಾಯಿತೋ ಇಲ್ಲವೋ. ಕುರ್ಚಿಯ ಕೈಯ ಮೇಲೆ ಎರಡು ಬೆರಳುಗಳಿಂದ ಟಕಟಕ ಬಡಿಯತೊಡಗಿದರು.

"ಯಾವಾಗ್ಲೂ ಹೀಗೇನೆ," ಎಂದರು ಅವರ ಹೆಂಡತಿ. "ಊಟಕ್ಕೆ ಕೂತ್ರೂ ಎಲೆ ಪಕ್ಕದಲ್ಲಿ ಬಡೀತಾ ಇರ್ತಾರೆ. ಒಂದೇ ಥರ. ನಾನೂ ನೋಡೀ ನೋಡೀ, ಏಳು ಸಲ ಬಡಿದು ಆಮೇಲೆ ಒಂದು ಸಲ ಜೋರಾಗಿ ಬಡೀತಾರೆ."

ಏಳು ಅಕ್ಷರ, ಆಮೇಲೆ ಎಂಟರ್ ಕೀಲಿ. ಮನೆಯಲ್ಲಿದ್ದ ಒಂದು ಸೀರೆಯ ಡಬ್ಬದ ರಟ್ಟನ್ನು ಹರಿದು, ಅದರ ಮೇಲೆ ಇಂಕಿನಲ್ಲಿ ಕಂಪ್ಯೂಟರಿನ ಕೀಲಿಮಣೆಯನ್ನು ಬರೆದೆ. ಕೀಲಿಗಳ ಅಳತೆ, ಸಾಲುಗಳ ಓರೆ, ಎಲ್ಲ ನೆನಪಿದ್ದಷ್ಟು ಸರಿಯಾಗಿ. ಅವರ ತೊಡೆಯ ಮೇಲೆ ಅದನ್ನಿಟ್ಟು, "ಸಾರ್, ಫೈಲು ತೆಗೀಬೇಕು" ಎಂದೆ.

ಅವರು ಬೆನ್ನು ನೆಟ್ಟಗೆ ಮಾಡಿ ಕೂತರು. ತೋರುಬೆರಳು ಎಡಗಡೆಗೆ ಹೋಗಿ A ಮೇಲೆ ನಿಂತಿತು. ತಪ್ಪಿ ಒತ್ತಿದರು ಎಂದುಕೊಂಡೆ, H ಇರುವುದು ನಡುವೆ. ಆಮೇಲೆ L. ಆಮೇಲೆ E. B, A, V, I. ಕೊನೆಗೆ ಬಲಗಡೆಯ ದೊಡ್ಡ ಕೀಲಿಯ ಮೇಲೆ ಜೋರಾಗಿ ಒಂದು ಏಟು. ಒತ್ತಿ, ತಲೆಯೆತ್ತಿ, ಎದುರಿನ ಖಾಲಿ ಗೋಡೆಯನ್ನು ನೋಡುತ್ತ ಕಾದರು. ಮುಖದಲ್ಲಿ ಆತಂಕ ಮೂಡಿತು.

"ಬರಲಿಲ್ಲವಾ?"

"ಬಂತು ಸಾರ್," ಎಂದೆ.

ಅಳೆಬಾವಿ. ಮುದುಕಿಯ ಮಾತು. ಶಾಲೆಯಲ್ಲಿ ನಾವು ಅಳ್ಳಿ, ಓಗ್ತೀನಿ ಎಂದರೆ ಬಾಯೆದುರು ಅಂಗೈ ಹಿಡಿಸಿ, ಉಸಿರು ಕೈಗೆ ತಾಗುವ ತನಕ ಹ ಹ ಎಂದು ಹೇಳಿಸುತ್ತಿದ್ದ ಮನುಷ್ಯ ಇವರು. ಅವಳು ಅಂದಂತೆಯೇ ಬರೆದಿಟ್ಟಿದ್ದರು. ನಾನು ಸೋಸಲೆಯ ರೈತರ ಮನೆಯವಳು, ನಮ್ಮ ಮನೆಯಲ್ಲಿ ದಿನವೂ ಕೇಳುವ ಮಾತು ಅದು. ಆದರೂ ಅವರು ತಿದ್ದಿದ್ದನ್ನೇ ನಂಬಿ ಇಷ್ಟು ವಾರ H ಹಾಕುತ್ತಲೇ ಇದ್ದೆ.

ಸೋಮವಾರ ಮಧ್ಯಾಹ್ನ ಏಳು ಅಕ್ಷರ ಒತ್ತಿದೆ. ಪೀಂಕಾರ ಬರಲಿಲ್ಲ. ಪರದೆಯ ತುಂಬ ಹಸಿರು ಅಂಕಿಗಳು ಇಳಿದು ಬಂದವು. ಪ್ರಿಂಟರಿಗೆ ಕಾಗದ ಹಚ್ಚಿದೆ. ಅದರ ಕಿರ್ರೆಂಬ ಸದ್ದು ಅಂದು ನಂಜನಗೂಡಿಗೇ ಕೇಳಿಸುತ್ತಿದೆ ಎನಿಸಿತು. ಅರ್ಧ ಆಗಿತ್ತು, ಬಾಗಿಲು ತೆರೆಯಿತು. ಮ್ಯಾನೇಜರ್.

"ಏನಮ್ಮಾ ಪ್ರಿಂಟ್ ಆಗ್ತಾ ಇರೋದು?"

"ನೀರಿನ ವರದಿ ಸಾರ್," ಎಂದೆ. ಬಾಯ್ಲರಿನ ನೀರಿನ ವರದಿಯನ್ನು ನಾನು ಪ್ರತಿ ಸೋಮವಾರ ತೆಗೆಯುತ್ತಿದ್ದೆ. ಅವರು ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಕಾಗದವನ್ನು ನೋಡಲಿಲ್ಲ. ಚಪ್ಪಲಿ ಬಿಚ್ಚಬೇಕಾಗುತ್ತದೆಂದೋ ಏನೋ ಒಳಗೆ ಬರಲಿಲ್ಲ.

ಬಸ್ಸಿನಲ್ಲಿ ಹಾಳೆಗಳನ್ನು ಬಿಡಿಸಿ ನೋಡಿದೆ. ಏಳು ಬಾವಿಗಳ ಪಟ್ಟಿ. ಪ್ರತಿ ಬಾವಿಯ ಕೊನೆಯಲ್ಲಿ, ಮುಂದಿನ ಬೇಸಿಗೆಗೆ ಇಷ್ಟಾಗಬಹುದು ಎಂದು ಅವರು ಅಂದಾಜು ಮಾಡಿದ ಒಂದು ಅಂಕಿ. ಅದರ ಕೆಳಗೆ, ಖಾಲಿ ಬಿಟ್ಟು, ಎಂಟನೆಯ ಪಟ್ಟಿಯೊಂದಿತ್ತು. ಅದಕ್ಕೆ ಬಾವಿಯ ಹೆಸರಿರಲಿಲ್ಲ. ತಿಂಗಳುಗಳು, ಅವುಗಳೆದುರು ಒಂದೊಂದು ಸಂಖ್ಯೆ. ನಲವತ್ತೆರಡು. ನಲವತ್ತೆರಡು. ನಲವತ್ತೊಂದು. ನಲವತ್ತೆರಡು. ಮೂವತ್ತೊಂಬತ್ತು. ಬಾವಿಗಳ ಅಂಕಿಗಳು ಏರುತ್ತ ಹೋದರೆ ಇವು ಇಳಿಯುತ್ತ ಹೋಗಿದ್ದವು. ಕೊನೆಯದು ಮೂವತ್ತೊಂದು. ಮೊದಲನೆಯದು ನೋಟ್‌ಬುಕ್ ಹೋಗುವುದಕ್ಕೆ ಒಂದು ವರ್ಷ ಮುಂಚಿನದು.

ನರಸೀಪುರ ಹತ್ತಿರ ಬಂದಾಗ ನನಗೆ ಹೊಳೆಯಿತು. ಬಸ್ಸಿನಲ್ಲಿ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದದ್ದು ಜಪವಾಗಿರಲಿಲ್ಲ. ದಿನವೂ ನಮ್ಮ ತರಗತಿಯ ಹಾಜರಿ ಕರೆದುಕೊಂಡು, ಎಷ್ಟು ಹೆಸರು ಇನ್ನೂ ಉಳಿದಿವೆ ಎಂದು ತಿಂಗಳಿಗೊಮ್ಮೆ ಎಣಿಸಿ, ಬಾವಿಗಳನ್ನು ಪರೀಕ್ಷಿಸಿದಂತೆಯೇ ತಮ್ಮನ್ನೂ ಪರೀಕ್ಷಿಸಿಕೊಂಡು, ಅಂಕಿಯನ್ನು ಇಟ್ಟಿದ್ದರು. ಊಟ ಬಿಟ್ಟು ಹದಿನೈದು ದಿನ ಅವಸರ ಮಾಡಿದ್ದು ಅದಕ್ಕೇ. ಅವರ ಹೆಂಡತಿಗೆ ತೋರಿಸಿದೆ. ಅವರು ಆ ಸಂಖ್ಯೆಗಳ ಮೇಲೆ ಬೆರಳಾಡಿಸಿ, "ಕನ್ನಡಿ ಮುಂದೆ ನಿಂತು ಏನೋ ಹೆಸರುಗಳನ್ನ ಹೇಳ್ಕೋತಿದ್ರು. ನನ್ನ ಕಂಡ ಕೂಡ್ಲೆ ನಿಲ್ಲಿಸಿಬಿಡೋರು" ಎಂದರು.

ಆ ಎಂಟನೆಯ ಪಟ್ಟಿಯನ್ನು ಕತ್ತರಿಸಿ ಅವರ ಕೈಗೆ ಕೊಟ್ಟೆ. ಉಳಿದದ್ದನ್ನು ಹಿಡಿದು, ರಜೆ ಹಾಕಿ, ಮೈಸೂರಿಗೆ ಹೋಗಿ ಅಧಿಕಾರಿಯ ಮೇಜಿನ ಮೇಲಿಟ್ಟೆ. ಹೆಸರು ಕೇಳಿದರು. ನನ್ನ ಹೆಸರನ್ನೇ ಹೇಳಿದೆ.

"ನೆನಪಿನಿಂದ ಬರೆದದ್ದು ಸಾಕ್ಷಿ ಆಗೋದಿಲ್ಲಮ್ಮಾ," ಎಂದರು ಅವರು. ಆದರೂ ಹಾಳೆಗಳನ್ನು ಹಿಂದಕ್ಕೆ ಕೊಡಲಿಲ್ಲ. ಮುಂದಿನ ವಾರ ಹೇಳದೆ ಕೇಳದೆ ಬಂದು, ಏಳು ಬಾವಿಗಳಿಂದಲೂ ನೀರು ತುಂಬಿಸಿಕೊಂಡು ಹೋದರು. ಅವರ ಪ್ರಯೋಗಾಲಯದ ಅಂಕಿಗಳು ಬಂದಾಗ ನನ್ನನ್ನು ಕರೆಸಿ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಮೇಷ್ಟ್ರು ಈ ಬೇಸಿಗೆಗೆ ಅಂದಾಜು ಮಾಡಿದ್ದಕ್ಕೂ ಬಂದದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿತ್ತು. ಒಂದು ಬಾವಿಯಲ್ಲಿ ಮಾತ್ರ ಅವರು ಕಡಿಮೆ ಅಂದಾಜು ಮಾಡಿದ್ದರು.

ಏಳರಲ್ಲಿ ಐದು ಬಾವಿಗಳಿಗೆ ಕೆಂಪು ಬಣ್ಣ ಬಳಿದರು. ಹಟ್ಟಿಗೆ ದೂರದ ಬೋರಿನಿಂದ ನಲ್ಲಿ ಎಳೆಸಿದರು. ಹಿಂದಿನ ಹೊಂಡವನ್ನು ಮುಚ್ಚಿಸಿದರು. ಮಣ್ಣಿನೊಳಗೆ ಇಳಿದದ್ದನ್ನು ಯಾರೂ ತೆಗೆಯಲಾರರು. ಈಗಲೂ ಆ ಇಳಿಜಾರಿನಲ್ಲಿ ಕೊಳವೆ ಬಾವಿ ತೋಡಿದರೆ ಏನು ಬರುತ್ತದೋ ನನಗೆ ತಿಳಿಯದು. ಕಾರ್ಖಾನೆಯವರು ನನ್ನನ್ನು ತೆಗೆದುಹಾಕಲಿಲ್ಲ. ಮಾತಾಡಿಸುವುದನ್ನು ಬಿಟ್ಟರು. ಆರು ತಿಂಗಳು ನೋಡಿ ನಾನೇ ಬಿಟ್ಟೆ. ಮುಂದೆ ಬಿ.ಎಡ್. ಮಾಡಿ ಮೇಷ್ಟ್ರ ಕಸುಬಿಗೇ ಬಂದೆ.

ಅವರು ಮರುವರ್ಷದ ಮಾಘದಲ್ಲಿ ತೀರಿಕೊಂಡರು. ಕೊನೆಕೊನೆಗೆ ನುಂಗುವುದನ್ನೂ ಮರೆತಿದ್ದರು. ನರಸೀಪುರದ ಹೊಳೆ ದಂಡೆಯಲ್ಲಿ ಸಂಸ್ಕಾರ ಮಾಡಿದಾಗ ನಮ್ಮ ತರಗತಿಯ ಹನ್ನೊಂದು ಮಂದಿ ಬಂದಿದ್ದೆವು. ಹಟ್ಟಿಯಿಂದಲೂ ನಾಲ್ಕು ಜನ ಬಸ್ಸು ಹತ್ತಿ ಬಂದು ದೂರದಲ್ಲಿ ನಿಂತಿದ್ದರು.

ಅದಕ್ಕೂ ಮುಂಚೆ, ಅವರಿಗೆ ಇನ್ನೂ ಮಾತಿದ್ದಾಗ, ಒಂದು ಭಾನುವಾರ ಆ ಪ್ರಿಂಟಿನ ನಕಲನ್ನು ಅವರ ಕೈಗೆ ಕೊಟ್ಟಿದ್ದೆ. ಯಾರದೋ ಉತ್ತರಪತ್ರಿಕೆ ನೋಡುವಂತೆ, ಕಣ್ಣಿಗೆ ಹತ್ತಿರ ಹಿಡಿದು, ಸಾಲು ಸಾಲಾಗಿ ಬೆರಳಿಟ್ಟು ನೋಡಿದರು. ಮೊದಲ ಹಾಳೆ ಮುಗಿಸಿ ಎರಡನೆಯದಕ್ಕೆ ಹೋದರು. ಮಧ್ಯೆ ಒಂದು ಕಡೆ ನಿಂತು, ಹಿಂದಕ್ಕೆ ತಿರುಗಿಸಿ ತಾಳೆ ನೋಡಿದರು.

"ಇದನ್ನ ಯಾರು ಮಾಡಿದ್ದು?" ಎಂದರು.

"ನೀವೇ ಸಾರ್."

ಅವರು ತಲೆಯಾಡಿಸಿದರು, ಅಲ್ಲವೆಂದು. "ಚೆನ್ನಾಗಿ ಮಾಡಿದ್ದಾರೆ. ಎಲ್ಲೂ ತಪ್ಪಿಲ್ಲ." ಹಾಳೆಗಳನ್ನು ಅಂಚು ಸೇರಿಸಿ ಮಡಿಸಿ ನನ್ನ ಕೈಗಿಟ್ಟರು. ಆಮೇಲೆ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಯಾರಿಗೂ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದರು.

"ಆದ್ರೆ ಅವರಿಗೆ ಹುಷಾರಾಗಿರೋಕೆ ಹೇಳಮ್ಮಾ. ಇಂಥದ್ದು ಮಾಡೋರನ್ನ ಸುಮ್ನೆ ಬಿಡೋದಿಲ್ಲ."

"ಹೇಳ್ತೀನಿ ಸಾರ್," ಎಂದೆ.